ಹೊದಿಕೆಯ ಕೆಳಗಿನ ವ್ಯಾಪಾರ

ಹೊಸ ನರ್ಸುಗಳು ಕೆಲಸಕ್ಕೆ ಸೇರಿದ ದಿನ ನಾನು ಅವರಿಗೆ ಮೊದಲು ತೋರಿಸುವುದು ಔಷಧಿಯ ಬೀರುವನ್ನಲ್ಲ, ಗೋಡೆಯ ಗಡಿಯಾರವನ್ನು. ಅಷ್ಟು ದೊಡ್ಡ ಗಡಿಯಾರ ರೈಲ್ವೆ ಸ್ಟೇಷನ್ನಿನಲ್ಲಿ ಇರಬೇಕಾದದ್ದು. ಕೊಡಗಿನಲ್ಲಿ ರೈಲಿಲ್ಲವಲ್ಲ, ಹಾಗಾಗಿ ನಮ್ಮ ವಾರ್ಡಿನಲ್ಲಿದೆ. ಔಷಧಿ ಕಂಪನಿಯ ಹುಡುಗನೊಬ್ಬ ಪೆನ್ನು ಹಂಚಲು ಬಂದಿದ್ದಾಗ ಚೌಕಾಶಿ ಮಾಡಿ ಪಡೆದದ್ದು. "ಪೆನ್ನು ಬೇಡಪ್ಪ, ಇರೋ ಪೆನ್ನೇ ಜಾಸ್ತಿ ಆಗಿದೆ. ಮಲಗಿದವರಿಗೆ ಕಾಣೋ ಹಾಗೆ ಒಂದು ಗಡಿಯಾರ ಕೊಡು. ನಿನ್ನ ಕಂಪನಿ ಹೆಸರು ಎಷ್ಟು ದೊಡ್ಡದಾಗಿ ಬೇಕಾದ್ರೂ ಬರ್ಕೋ" ಅಂದೆ. ಕೊಟ್ಟ. ಅವನ ಕಂಪನಿಯ ಹೆಸರು ಬರುವ ಜಾಗಕ್ಕೆ ಸರಿಯಾಗಿ ನಾನು ವಾರ, ತಾರೀಕು ಬರೆಯುವ ಹಲಗೆ ನೇತುಹಾಕಿದೆ. ಅವನಿಗೂ ಗೊತ್ತು, ನನಗೂ ಗೊತ್ತು. ಈಗಲೂ ಬರುತ್ತಾನೆ, ಕಾಫಿ ಕುಡಿದು ಹೋಗುತ್ತಾನೆ.

ಗಡಿಯಾರ ಯಾಕೆ ಅಂತ ಹೊಸಬರು ಕೇಳುವುದಿಲ್ಲ. ಮೊದಲ ದಿನ ಯಾರೂ ಏನನ್ನೂ ಕೇಳುವುದಿಲ್ಲ, ನಾನೇ ಹೇಳಬೇಕು. ವಯಸ್ಸಾದವರಿಗೆ ಆಪರೇಷನ್ ಆದಾಗ, ಜ್ವರ ಏರಿದಾಗ, ಮೈಯೊಳಗೆ ಏನೋ ಕೆಟ್ಟಾಗ ತಲೆ ಇದ್ದಕ್ಕಿದ್ದ ಹಾಗೆ ಜಾಗ ಬಿಟ್ಟು ಹೋಗುತ್ತದೆ. ಬೆಳಿಗ್ಗೆ ಮೊಮ್ಮಗಳ ಮದುವೆಯ ಮಾತಾಡಿದವರು ಮಧ್ಯಾಹ್ನ ಮಗಳನ್ನೇ ನೋಡಿ ಇವಳ್ಯಾರು ಅಂತಾರೆ. ಡಾಕ್ಟರು ಇದನ್ನು ಡಿಲೀರಿಯಂ ಅನ್ನುತ್ತಾರೆ, ಹಳಬರು ಸನ್ನಿ ಅನ್ನುತ್ತಿದ್ದರು. ಇದು ಹುಚ್ಚಲ್ಲ, ಅರಳುಮರಳೂ ಅಲ್ಲ. ಅರಳುಮರಳು ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ, ಇದು ಬೆಳಗಾಗುವುದರೊಳಗೆ ಬಂದು ಕೂರುತ್ತದೆ. ಕಾರಣ ಹುಡುಕಿ ಸರಿಮಾಡಿದರೆ ಹೆಚ್ಚಿನವರಲ್ಲಿ ಬಂದ ಹಾಗೇ ಹೋಗುತ್ತದೆ. ಹುಡುಕದೆ ಬಿಟ್ಟರೆ ಮನುಷ್ಯನೇ ಹೋಗಬಹುದು. ಅಂಥವರಿಗೆ ಈಗ ಬೆಳಗೋ ಸಂಜೆಯೋ ಅನ್ನುವುದು ಕಣ್ಣಿಗೆ ಬೀಳುತ್ತಿರಬೇಕು, ಅದಕ್ಕೆ ಗಡಿಯಾರ.

ಇಷ್ಟು ಪುಸ್ತಕದಲ್ಲೂ ಇದೆ. ಇದಾದ ಮೇಲೆ ನಾನು ಅವರನ್ನು ಕೂರಿಸಿಕೊಂಡು ಒಬ್ಬ ದನದ ದಲ್ಲಾಳಿಯ ವಿಷಯ ಹೇಳುತ್ತೇನೆ. ಹೆಸರು, ಊರು ಬಿಟ್ಟು ಹೇಳುತ್ತೇನೆ. ಇಲ್ಲೂ ಹಾಗೇ.

ಅದಕ್ಕೆ ಮುಂಚೆ ನನ್ನ ವಿಷಯ ಸ್ವಲ್ಪ ಗೊತ್ತಿರಬೇಕು. ನಾನು ಉತ್ತರ ಕೊಡಗಿನವಳು. ಅಪ್ಪ ಸ್ವಲ್ಪ ಜಮೀನು, ಸ್ವಲ್ಪ ಎತ್ತಿನ ವ್ಯಾಪಾರ ಇಟ್ಟುಕೊಂಡಿದ್ದವರು. ಸಂತೆಯ ದಿನ ಎತ್ತುಗಳಿಗೆ ಹುಲ್ಲು, ನೀರು ಹಾಕಲು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಲ್ಲಾಳಿ ಹೆಗಲ ಟವೆಲನ್ನು ತನ್ನ ಕೈ ಮೇಲೆ ಹಾಸುತ್ತಿದ್ದ, ಅದರ ಕೆಳಗೆ ಇನ್ನೊಬ್ಬ ಕೈ ತೂರಿಸುತ್ತಿದ್ದ. ಇಷ್ಟು ಬೆರಳು ಹಿಡಿದರೆ ಇಷ್ಟು, ಗೆಣ್ಣು ಒತ್ತಿದರೆ ಅದರಲ್ಲಿ ಅರ್ಧ, ಹೀಗೆ ಬೆರಳಲ್ಲೇ ಲೆಕ್ಕ. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು. ಆಗ ಇಬ್ಬರ ಮುಖ ನೋಡಬೇಕು: ಒಬ್ಬ ಮರದ ತುದಿ ನೋಡುತ್ತಿರುತ್ತಾನೆ, ಇನ್ನೊಬ್ಬ ಎಲ್ಲೋ ಹೋಗುವ ಬಸ್ಸು ನೋಡುತ್ತಿರುತ್ತಾನೆ. ಕೆಳಗೆ ಬೆರಳು ಜಗಳವಾಡುತ್ತಿರುತ್ತದೆ. ವ್ಯಾಪಾರ ಕುದುರದಿದ್ದರೆ ದಲ್ಲಾಳಿ ಟವೆಲ್ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಒಂದು ಸಲ ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಒಳಗೆ ಆಡಿದ್ದೆಲ್ಲ ಅಲ್ಲೇ ಉದುರಿತು, ಯಾರ ಮೇಲೂ ಏನೂ ಬಾಕಿಯಿಲ್ಲ ಅಂತ ಅರ್ಥ. ಆಮೇಲೆ ಇಬ್ಬರೂ ಒಟ್ಟಿಗೆ ಟೀ ಕುಡಿಯುತ್ತಿದ್ದರು.

ಆಸ್ಪತ್ರೆಗೆ ನಾನು ಬಂದದ್ದು ಆಯಾ ಆಗಿ. ಕೆಲಸ ಮಾಡುತ್ತಲೇ ರಜೆ ಕೇಳಿ, ಶಿಫ್ಟು ಅದಲುಬದಲು ಮಾಡಿಕೊಂಡು, ಕೊಡುವುದಿಲ್ಲ ಅಂದವರ ಹತ್ತಿರ ಮತ್ತೆ ಮತ್ತೆ ಹೋಗಿ ನರ್ಸಿಂಗ್ ಓದಿದೆ. ಈಗ ದಕ್ಷಿಣ ಕೊಡಗಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸುಗಳ ಮೇಲ್ವಿಚಾರಣೆ, ಹೊಸಬರ ತರಬೇತಿ ಎರಡೂ ನನ್ನದೇ. ಚೌಕಾಶಿ ಕಲಿತದ್ದು ಮಾತ್ರ ಸಂತೆಯಲ್ಲಿ. ಅದನ್ನು ಬಿಟ್ಟಿಲ್ಲ.

ದಲ್ಲಾಳಿ ನಮ್ಮಲ್ಲಿಗೆ ಬಂದದ್ದು ಕೆಲವು ವರ್ಷಗಳ ಹಿಂದೆ, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ. ಅವರೂ ನಮ್ಮ ಉತ್ತರದ ಕಡೆಯವರೇ, ಆದರೆ ನನಗೆ ಪರಿಚಯವಿರಲಿಲ್ಲ. ಮಗಳನ್ನು ಅಮ್ಮತ್ತಿ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರಿಗೆ ಕೊಟ್ಟಿದ್ದರು. ಮಗಳ ಮನೆಗೆ ಬಂದವರು ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗೇ ಆಯಿತು. ಅದಾದ ಮೇಲೆ ಮುದುಕರು ಮಾತು ನಿಲ್ಲಿಸಿದರು. ಊಟ ಕೊಟ್ಟರೆ ಬಾಯಿ ತೆರೆಯುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಇಡೀ ದಿನ ಗೋಡೆ ನೋಡಿಕೊಂಡು ಮಲಗಿರುತ್ತಿದ್ದರು. ನರ್ಸುಗಳಿಗೆ ಖುಷಿ. ಕೂಗುವವರು, ಕೊಳವೆ ಕಿತ್ತುಕೊಳ್ಳುವವರು ಇರುವ ವಾರ್ಡಿನಲ್ಲಿ ಸುಮ್ಮನಿರುವ ರೋಗಿ ಅಂದರೆ ಯಾರಿಗೆ ಬೇಡ? ಇಲ್ಲೊಂದು ಮಾತು ಹೇಳಿಬಿಡುತ್ತೇನೆ: ಕೂಗುವ ಸನ್ನಿಗಿಂತ ಸುಮ್ಮನಿರುವ ಸನ್ನಿ ಅಪಾಯ, ಯಾಕೆಂದರೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಿಮ್ಮ ಮನೆಯ ಹಿರಿಯರು ಆಸ್ಪತ್ರೆಯಲ್ಲಿ ಇದ್ದಕ್ಕಿದ್ದಂತೆ ತೀರಾ ಸಾಧುವಾದರೆ, ಪುಣ್ಯ ಅಂದುಕೊಳ್ಳಬೇಡಿ, ನರ್ಸನ್ನು ಕರೆಯಿರಿ.

ಒಂದು ಬೆಳಿಗ್ಗೆ ಹೊಸ ನರ್ಸೊಬ್ಬಳು ನನ್ನ ಮೇಜಿನ ಮುಂದೆ ಬಂದು ನಿಂತಳು. ತಿತಿಮತಿಯ ಹುಡುಗಿ, ಅಪ್ಪ ಅರಣ್ಯ ಇಲಾಖೆಯಲ್ಲಿ ವಾಚರ್. ಬೆಳಿಗ್ಗೆ ಆನೆ ದಾಟಿದ ರಸ್ತೆಯಲ್ಲೇ ಬಸ್ಸು ಹಿಡಿದು ಬರುವವಳು, ಸುಲಭಕ್ಕೆ ಹೆದರುವವಳಲ್ಲ.

"ಮೇಡಂ, ಆ ಸೊಂಟದ ತಾತನ ಬೆಡ್ಡಿಗೆ ನಾನು ಹೋಗೋದಿಲ್ಲ."

"ಯಾಕೆ?"

"ಕೈ ಹಿಡೀತಾರೆ. ಹೊದಿಕೆ ಒಳಗೆ. ಬ್ಯಾಂಡೇಜ್ ನೋಡೋಕೆ ಕೈ ಹಾಕಿದ್ರೆ ಬೆರಳು ಹಿಡ್ಕೊಂಡು ಒತ್ತುತ್ತಾರೆ. ಬಿಡಿಸ್ಕೊಂಡ್ರೆ ಮತ್ತೆ ಹಿಡೀತಾರೆ. ಮುಖ ನೋಡಿದ್ರೆ ಎಂತದೂ ಗೊತ್ತಿಲ್ಲದವರ ಹಾಗೆ ಗೋಡೆ ನೋಡ್ತಿರ್ತಾರೆ. ಅದಕ್ಕೇ ನಂಗೆ ಹೆಚ್ಚು ಸಿಟ್ಟು ಬಂದದ್ದು."

"ಸರಿ. ನೀನು ಹೋಗ್ಬೇಡ" ಅಂದೆ.

ಬೇರೆ ಏನನ್ನೂ ಕೇಳುವ ಮೊದಲು ಹೇಳಬೇಕಾದ ಮಾತು ಇದು. ಎಷ್ಟೋ ಆಸ್ಪತ್ರೆಗಳಲ್ಲಿ "ಪಾಪ, ವಯಸ್ಸಾದವರು, ಅಡ್ಜಸ್ಟ್ ಮಾಡ್ಕೋ" ಅಂತ ಹುಡುಗಿಯನ್ನೇ ವಾಪಸ್ ಕಳಿಸುತ್ತಾರೆ. ಹಾಗೆ ಕಳಿಸಿದರೆ ಅವಳು ಮುಂದಿನ ಸಲ ಏನೂ ಹೇಳುವುದಿಲ್ಲ, ನಮಗೆ ಏನೂ ಗೊತ್ತಾಗುವುದಿಲ್ಲ. ಮೊದಲು ನರ್ಸನ್ನು ನಂಬಿ, ಆಮೇಲೆ ರೋಗಿಯನ್ನು ನೋಡಿ. ಎರಡನ್ನೂ ಮಾಡಿ.

ನಾನು ವಾರ್ಡಿಗೆ ಹೋದಾಗ ಪಕ್ಕದ ಹಾಸಿಗೆಯ ಹತ್ತಿರ ಆಗಲೇ ನಗು ನಡೆದಿತ್ತು. ಗಂಡನ ಆರೈಕೆಗೆ ಬಂದಿದ್ದ ಹುದಿಕೇರಿ ಕಡೆಯ ಹೆಂಗಸು ನನ್ನನ್ನು ನೋಡಿ, "ಸಿಸ್ಟರೇ, ಅಜ್ಜನಿಗೆ ಮುರಿದದ್ದು ಸೊಂಟ, ಕೈ ಅಲ್ಲ ಅಲ್ವಾ? ಕೈ ಭಾರಿ ಚುರುಕುಂಟು!" ಅಂದಳು. ಅವಳ ಗಂಡ ಗೋಡೆ ಕಡೆ ತಿರುಗಿಕೊಂಡು ನಕ್ಕ. ಮುದುಕರ ಎರಡೂ ಕೈಗಳನ್ನು ಯಾರೋ ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು.

"ಮೆತ್ತಗೇ ಕಟ್ಟಿದ್ದೇನೆ ಮೇಡಂ" ಅಂದಳು ಇನ್ನೊಬ್ಬ ನರ್ಸು.

ಮೆತ್ತಗೆ ಕಟ್ಟಿದರೂ ಮಣಿಕಟ್ಟು ಕೆಂಪಾಗಿತ್ತು. ಬಿಚ್ಚಿದೆ. ಸನ್ನಿ ಹಿಡಿದವರನ್ನು ಕಟ್ಟಿದರೆ ಸನ್ನಿ ಏರುತ್ತದೆ, ಇಳಿಯುವುದಿಲ್ಲ. ಎಲ್ಲಿದ್ದೇನೆ ಅಂತಲೇ ತಿಳಿಯದವನಿಗೆ ಕೈಯೂ ಕಟ್ಟಿದೆ ಅಂದರೆ ಅವನು ಏನೆಂದುಕೊಳ್ಳಬೇಕು? ಬಿಚ್ಚಿದ ಕೈಗಳು ಸೀದಾ ಹೊದಿಕೆಯೊಳಗೆ ಹೋದವು. ಒಳಗೆ ಬೆರಳುಗಳು ಬಟ್ಟೆಯನ್ನು ಹಿಡಿದು ಬಿಡುತ್ತಾ ಓಡಾಡುವುದು ಹೊರಗಿನಿಂದಲೇ ಕಾಣುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತೆ. "ಯಜಮಾನ್ರೇ, ನಾನು ಸಿಸ್ಟರ್" ಅಂದೆ. ಉತ್ತರವಿಲ್ಲ. ಹೊದಿಕೆಯ ಮೇಲಿನಿಂದ ತೋಳು ಮುಟ್ಟಿದೆ, ಏನೂ ಆಗಲಿಲ್ಲ. ಹೊದಿಕೆಯ ಕೆಳಗೆ ಕೈ ಹಾಕಿದೆ.

ತಕ್ಷಣ ಹಿಡಿದರು. ಎರಡು ಬೆರಳು ಹಿಡಿದು, ಬಿಟ್ಟು, ಒಂದರ ನಡುಗೆಣ್ಣನ್ನು ಹೆಬ್ಬೆರಳಿಂದ ಒತ್ತಿದರು. ಒತ್ತಿ ಕಾದರು. ಕಣ್ಣು ವಾರ್ಡಿನ ಆ ತುದಿಯ ಕಿಟಕಿಯಾಚೆಯ ಸಿಲ್ವರ್ ಓಕ್ ಮರದ ತುದಿಯಲ್ಲಿತ್ತು. ನಾನು ಸುಮ್ಮನಿದ್ದೆ. ಅವರು ಕೈ ಸಡಿಲಿಸಿ, ಸ್ವಲ್ಪ ಯೋಚಿಸಿದವರ ಹಾಗೆ ಇದ್ದು, ಈ ಸಲ ಮೂರು ಬೆರಳು ಹಿಡಿದರು. ದರ ಏರಿಸುತ್ತಿದ್ದರು.

ಅವರು ನಮ್ಮ ವಾರ್ಡಿನಲ್ಲಿ ಇರಲಿಲ್ಲ, ಸಂತೆಯಲ್ಲಿದ್ದರು.

ಹೊರಗೆ ಬಂದು ತಿತಿಮತಿ ಹುಡುಗಿಯನ್ನು ಕರೆದೆ. "ಬಿ.ಪಿ. ನೋಡೋವಾಗ ಕೈ ಹಿಡೀತಾರಾ?"

"ಇಲ್ಲ. ಆವಾಗ ಕೈನ ಒದ್ದೆ ಬಟ್ಟೆ ಹಾಗೆ ಸಡಿಲ ಬಿಟ್ಟಿರ್ತಾರೆ."

"ಹೊದಿಕೆ ಒಳಗೆ ಮಾತ್ರ?"

"ಒಳಗೆ ಮಾತ್ರ."

ಟವೆಲಿನ ವ್ಯಾಪಾರ ಹೇಗೆ ಅಂತ ಅವಳ ಕೈ ಹಿಡಿದೇ ತೋರಿಸಿದೆ. ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡು, "ಅವರು ವ್ಯಾಪಾರ ಮಾಡ್ತಿದ್ರು ಅಂತ ನನ್ನ ಕೈ ಹಿಡಿದದ್ದು ಹಿಡಿದದ್ದಲ್ಲ ಅಂತ ಆಗುತ್ತಾ ಮೇಡಂ?" ಅಂದಳು.

"ಆಗೋದಿಲ್ಲ" ಅಂದೆ.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಒಪ್ಪಿಕೊಂಡದ್ದರಿಂದ ಮಾತು ಅಲ್ಲಿಗೆ ನಿಲ್ಲದೆ ಮುಂದಕ್ಕೆ ಹೋಯಿತು. "ಬೆರಳು ಅವರ ತಲೆ ಎಲ್ಲಿಗೆ ಹೋಗಿದೆ ಅಂತ ಹೇಳ್ತು. ಯಾಕೆ ಹೋಯ್ತು ಅಂತ ಹೇಳಿಲ್ಲ. ಅದನ್ನ ನಾವು ಹುಡುಕ್ಬೇಕು" ಅಂದೆ.

ಅಷ್ಟರಲ್ಲಿ ಮಗಳು ಬಂದರು. ಹುದಿಕೇರಿಯ ಹೆಂಗಸು ಕಾರಿಡಾರಿನಲ್ಲೇ ಅವರಿಗೆ ಎಲ್ಲ ಹೇಳಿ ಮುಗಿಸಿದ್ದಳು. ಮಗಳ ಮುಖ ಸುಟ್ಟ ಹಾಗಿತ್ತು.

"ನಮ್ಮಪ್ಪನ್ನ ಕರ್ಕೊಂಡ್ ಹೋಗ್ತೀವಿ. ನಮ್ ಯಜಮಾನ್ರಿಗೆ ಫೋನ್ ಮಾಡಿದೀನಿ, ಜೀಪ್ ತರ್ತಾರೆ."

"ಹೊಲಿಗೆ ಇನ್ನೂ ಬಿಚ್ಚಿಲ್ಲ."

"ಮನೇಲೇ ಬಿಚ್ಚುಸ್ತೀವಿ. ಅವ್ರು ನಲವತ್ತು ವರ್ಷ ಊರೂರಿನ ಸಂತೇಲಿ ಕೂತೋರು ಕಣ್ರೀ. ಅವ್ರ ಮಾತಿಗೆ ಜನ ಬೆಲೆ ಕೊಟ್ಟು ಎತ್ತು ಕೊಂಡೋಗೋರು. ಈಗ ಹಿಂಗಂತೆ ಅಂತ ಎಸ್ಟೇಟ್ ಲೈನ್ ಮನೆಗಳಿಗೆಲ್ಲ ಸುದ್ದಿ ಆದ್ರೆ? ಊರಿಗೆ ಗೊತ್ತಾದ್ರೆ? ಅವ್ರು ಸತ್ರೂ ಪರ್ವಾಗಿಲ್ಲ, ಮರ್ಯಾದೇಲಿ ಸಾಯ್ಲಿ."

ಹೀಗೆ ಕರೆದುಕೊಂಡು ಹೋದವರು ಹೇಗೆ ವಾಪಸ್ ಬರುತ್ತಾರೆ ಅಂತ ನಾನು ನೋಡಿದ್ದೇನೆ. ಕೆಲವರು ಬರುವುದೇ ಇಲ್ಲ. ಒಳಗೆ ಏನು ಕೆಟ್ಟಿದೆ ಅಂತ ತಿಳಿಯದೆ ಅವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕಳಿಸಿದರೆ ಮುದುಕರು ಉಳಿಯುವುದು ಅನುಮಾನವಾಗಿತ್ತು.

ಎದ್ದು ನಿಂತವರಿಗೆ ಬೇಡ ಅನ್ನಬಾರದು, ಮೊದಲು ಕೂರಿಸಬೇಕು. ಕಾಫಿ ತರಿಸಿದೆ. ಆಮೇಲೆ ಅವರಿಗೆ ಕೊಡಲು ಸುಲಭವಾದದ್ದನ್ನು ಕೇಳಿದೆ. "ನಿಮ್ಮಪ್ಪನಿಗೆ ಕನ್ನಡಕ ಇಲ್ವಾ?"

"ಐತೆ. ಕಿವಿ ಮಿಷಿನ್ನೂ ಐತೆ. ಇಲ್ಲಿ ಕಳ್ದೋಗ್ತದೆ ಅಂತ ನನ್ ಬ್ಯಾಗಲ್ಲೇ ಇಟ್ಕಂಡಿದೀನಿ."

ಕಣ್ಣು ಮಂಜು, ಕಿವಿ ಮಂದ, ಗೊತ್ತಿಲ್ಲದ ಊರು, ಗೊತ್ತಿಲ್ಲದ ಮುಖಗಳು. ಹೀಗೆ ಇಟ್ಟರೆ ನಾನೂ ಸಂತೆಗೆ ಹೋಗುತ್ತಿದ್ದೆ. ಟವೆಲಿನ ವಿಷಯ ಅವರಿಗೆ ಹೇಳಿದೆ. ದಲ್ಲಾಳಿಯ ಮಗಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಎಷ್ಟು ಬೆರಳು?" ಅಂತ ಕೇಳಿದರು.

"ಮೊದಲು ಎರಡು, ಆಮೇಲೆ ಮೂರು."

"ಏರಿಸ್ತಾವ್ರೆ" ಅಂದರು. ಅಷ್ಟೇ. ಅಳಲಿಲ್ಲ. ಆದರೆ ಜೀಪು ಬೇಡ ಅಂತಲೂ ಅನ್ನಲಿಲ್ಲ. "ನನಗೆ ನೀವೇಳಿದ್ದು ಅರ್ಥ ಆಯ್ತು. ಆ ಹೆಂಗಸಿಗೆ ಆಗ್ಬೇಕಲ್ಲ?"

ಇನ್ನು ವ್ಯಾಪಾರವೇ. ನಾನು ನಾಡಿದ್ದಿನವರೆಗೆ ಕೇಳಿದೆ, ಅವರು ಇವತ್ತು ಸಂಜೆ ಅಂದರು. ಕೊನೆಗೆ ನಾಳೆ ಮಧ್ಯಾಹ್ನದ ಊಟಕ್ಕೆ ಬಂದು ನಿಂತಿತು. ಅವರು ಕೊಡಬೇಕಾದದ್ದು ಕನ್ನಡಕ, ಕಿವಿ ಮಿಷನ್, ಹಗಲು ಪೂರ್ತಿ ಅಪ್ಪನ ಪಕ್ಕ ಕೂರುವುದು. ನಾನು ಕೊಡಬೇಕಾದದ್ದು ಕಿಟಕಿ ಪಕ್ಕದ ಹಾಸಿಗೆ, ಸುತ್ತ ಪರದೆ, ಕೈ ಕಟ್ಟುವುದಿಲ್ಲ ಅನ್ನುವ ಮಾತು. ಹುದಿಕೇರಿಯ ಹೆಂಗಸಿನ ಗಂಡನನ್ನು ವಾರ್ಡಿನ ಇನ್ನೊಂದು ತುದಿಗೆ ಸಾಗಿಸುವುದೂ ಅದರಲ್ಲಿ ಸೇರಿತು. ಅವಳಿಗೆ "ನಿಮ್ಮವರಿಗೆ ಫ್ಯಾನಿನ ಕೆಳಗೆ ಜಾಗ ಮಾಡಿಸಿದ್ದೇನೆ" ಅಂದೆ. ಥ್ಯಾಂಕ್ಸ್ ಹೇಳಿದಳು.

ಮಧ್ಯಾಹ್ನ ತಿತಿಮತಿ ಹುಡುಗಿ ತಾನಾಗಿಯೇ ಬಂದಳು. "ನಾನೇ ನೋಡ್ತೇನೆ. ನೀವು ಪಕ್ಕದಲ್ಲಿ ನಿಂತ್ಕೊಳ್ತೀರಾ?"

"ನಿಂತ್ಕೊಳ್ತೀನಿ. ಒಂದು ಕೆಲಸ ಮಾಡು. ಹೊದಿಕೆ ಒಳಗೆ ಕೈ ಹಾಕ್ಬೇಡ. ಏನು ಮಾಡ್ತೀಯ ಅಂತ ಮೊದಲು ಹೇಳು, ಹೊದಿಕೆ ಪೂರ್ತಿ ತೆಗಿ, ಆಮೇಲೆ ಮುಟ್ಟು. ಬಯಲಲ್ಲಿ ಯಾರೂ ಬೆರಳಲ್ಲಿ ವ್ಯಾಪಾರ ಮಾಡೋದಿಲ್ಲ."

ಕನ್ನಡಕ ಹಾಕಿದ್ದಾಗಿತ್ತು. ಅವಳು ಕಿವಿ ಮಿಷನ್ನಿನ ಹತ್ತಿರ ಬಗ್ಗಿ, "ತಾತಾ, ನಾನು ಸಿಸ್ಟರ್. ನೀವು ಆಸ್ಪತ್ರೆಯಲ್ಲಿದ್ದೀರಿ. ಹೊದಿಕೆ ತೆಗೀತೇನೆ" ಅಂದಳು. ತೆಗೆದಳು. ಕೈಗಳು ಎದೆಯ ಮೇಲೆ ಹಾಗೇ ಬಿದ್ದಿದ್ದವು, ಹಿಡಿಯಲು ಬರಲಿಲ್ಲ. ಮೈ ಒರೆಸಲು ಶುರುಮಾಡಿದವಳು ಹೊಟ್ಟೆಯ ಕೆಳಭಾಗದ ಮೇಲೆ ಕೈ ಇಟ್ಟು ನಿಲ್ಲಿಸಿಬಿಟ್ಟಳು.

"ಮೇಡಂ, ಇಲ್ಲಿ ಗಟ್ಟಿ ಉಂಟು. ಕಲ್ಲಂಗಡಿ ಹಾಗೆ."

"ಮೂತ್ರ ಹೋಗ್ತಿದೆ ಅಂದ್ರಲ್ಲ ಎಲ್ಲರೂ?"

"ಬಟ್ಟೆ ಒದ್ದೆ ಆಗ್ತಿತ್ತು. ಅದಕ್ಕೆ ಹೋಗ್ತಿದೆ ಅಂತ ನಾವು…" ಅರ್ಧಕ್ಕೆ ನಿಲ್ಲಿಸಿ ಡಾಕ್ಟರನ್ನು ಕರೆಯಲು ಓಡಿದಳು.

ಮೂತ್ರಕೋಶ ತುಂಬಿ ಕಟ್ಟಿಕೊಂಡಿತ್ತು. ತುಂಬಿದ ಟ್ಯಾಂಕಿನ ಅಂಚಿನಿಂದ ಸೋರುವ ಹಾಗೆ ಸ್ವಲ್ಪ ಸ್ವಲ್ಪ ಸೋರುತ್ತಿದ್ದುದನ್ನು ನೋಡಿ ನಾವೆಲ್ಲ ಸರಿಯಾಗಿದೆ ಅಂದುಕೊಂಡಿದ್ದೆವು. ಡಾಕ್ಟರು ಬಂದು ಕೊಳವೆ ಹಾಕಿಸಿದರು, ಮೂತ್ರ ಪರೀಕ್ಷೆಗೆ ಕಳಿಸಿದರು, ಸೋಂಕಿದೆ ಅಂತ ತಿಳಿದು ಇಂಜೆಕ್ಷನ್ ಬರೆದರು. ಹುಡುಗಿಯ ಕಡೆ ತಿರುಗಿ "ಗುಡ್" ಅಂದರು. ನಮ್ಮ ಡಾಕ್ಟರು ಅದಕ್ಕಿಂತ ಹೆಚ್ಚು ಹೇಳುವವರಲ್ಲ.

ಇಷ್ಟಾದರೂ ರೋಗಿ ಸಿನಿಮಾದ ಹಾಗೆ ತಕ್ಷಣ ಎದ್ದು ಕೂರುವುದಿಲ್ಲ. ಮರುದಿನ ಬೆಳಿಗ್ಗೆ ಮಗಳನ್ನು ಗುರುತು ಹಿಡಿದರು, ಸ್ವಲ್ಪ ಹೊತ್ತಿಗೆ ಮರೆತರು. "ಬಿಳೀ ಎತ್ತು ಯಾರು ಹೊಡ್ಕಂಡ್ ಹೋದ್ರು?" ಅಂದರು. ಅವರಿಗೆ ಏನು ಹೇಳಬೇಕು ಅಂತ ಹೊಸಬರು ಯಾವಾಗಲೂ ಕೇಳುತ್ತಾರೆ. ಎತ್ತು ಇದೆ ಅಂತ ಸುಳ್ಳು ಹೇಳಬೇಡಿ, ಎತ್ತೇ ಇಲ್ಲ ಅಂತ ವಾದಕ್ಕೂ ನಿಲ್ಲಬೇಡಿ. "ನಿಮಗೆ ಎತ್ತಿನ ಯೋಚನೆ ಆಗಿದೆ. ಇದು ಆಸ್ಪತ್ರೆ, ನಾವು ನೋಡ್ಕೊಳ್ತಿದ್ದೀವಿ" ಅನ್ನಿ, ಕುಡಿಯಲು ನೀರು ಕೊಡಿ. ಹುಡುಗಿ ಹಾಗೇ ಅಂದಳು. ಗಡಿಯಾರ ತೋರಿಸಿದಳು. ಅವರು ಗಡಿಯಾರವನ್ನು ಬಹಳ ಹೊತ್ತು ನೋಡಿದರು.

ಊಟದ ಹೊತ್ತಿಗೆ ಹೊರಗೆ ಜೀಪಿನ ಹಾರ್ನ್ ಕೇಳಿಸಿತು. ಮಗಳು ಎದ್ದು ನಿಂತರು, ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಒಪ್ಪಿದ ಗಡುವು ಬಂದಾಗ ಇನ್ನಷ್ಟು ಕೇಳಿದರೆ ಹಿಂದಿನ ಮಾತಿಗೂ ಬೆಲೆ ಹೋಗುತ್ತದೆ. ಡಾಕ್ಟರು ಬೆಳಿಗ್ಗೆ ಹೇಳಬೇಕಾದದ್ದನ್ನೆಲ್ಲ ಅವರಿಗೆ ಹೇಳಿಯಾಗಿತ್ತು. ಹಾರ್ನ್ ಮತ್ತೆ ಕೇಳಿಸಿತು. ಮಗಳು ಮಂಚದ ಕೆಳಗಿನ ಬ್ಯಾಗಿಗೆ ಕೈ ಹಾಕಿದರು.

ಮುದುಕರು ಕಿಟಕಿಯ ಕಡೆ ತಲೆ ತಿರುಗಿಸಿದರು. "ಅಳೀಮಯ್ಯನ ಜೀಪಲ್ವೇನೆ ಅದು? ಈಗ್ಯಾಕೆ ಬಂದ್ರು? ನನ್ ಸೊಂಟದ ಹೊಲಿಗೆ ಇನ್ನೂ ಅಂಗೇ ಐತಲ್ಲ."

ಮಗಳು ಬ್ಯಾಗು ಬಿಟ್ಟು ಹೊರಗೆ ಹೋದರು. ಜೀಪು ಹಿಂದೆ ತಿರುಗಿ ಗೇಟು ದಾಟಿದ ಸದ್ದು ಕೇಳಿಸಿತು. ವಾಪಸ್ ಬಂದು, "ಪಿಕ್ಕಿಂಗ್ ಟೈಮಲ್ಲಿ ರೈಟರಿಗೆ ಇಲ್ಲೇನು ಕೆಲ್ಸ ಅಂತ ಕಳಿಸ್ದೆ" ಅಂದರು. ನನ್ನ ಮುಖ ನೋಡದೆ ಅಪ್ಪನಿಗೆ ಗಂಜಿ ಕುಡಿಸಲು ಕೂತರು.

ಹೊಲಿಗೆ ಬಿಚ್ಚುವ ಹೊತ್ತಿಗೆ ಅವರು ಕುರ್ಚಿಯಲ್ಲಿ ಕೂರುತ್ತಿದ್ದರು. ಹೆಗಲಿಗೆ ಟವೆಲ್ ಬಂದಿತ್ತು. ಸನ್ನಿ ಇಳಿದವರಿಗೆ ಏನೂ ನೆನಪಿರುವುದಿಲ್ಲ ಅಂತ ಅಂದುಕೊಳ್ಳಬೇಡಿ. ಚೂರುಚೂರು ಉಳಿದಿರುತ್ತದೆ, ಅದನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡು ಹೆದರುತ್ತಾರೆ. ಅವರು ಕೇಳಿದರೆ ನಿಜ ಹೇಳಿ, ಕೇಳುವ ಹಾಗೆ ಜಾಗ ಮಾಡಿಕೊಡಿ ಅಂತ ನಾನು ಕಲಿಸುತ್ತೇನೆ.

ಅವರು ಕೇಳಿದ್ದು ಹುಡುಗಿಯನ್ನೇ, ನಾನು ಪಕ್ಕದ ಹಾಸಿಗೆಯ ಹತ್ತಿರ ಇದ್ದಾಗ. "ಕೂಸೇ, ಇಲ್ಲಿ ಯಾರೋ ಒಂದು ಜೊತೆ ಎತ್ತಿಗೆ ಕೇಳ್ತಿದ್ರು. ಕೈ ಸಣ್ಣದು. ನಾನು ಏರಿಸ್ದಂಗೆಲ್ಲ ಕೈ ಕಿತ್ಕಂಡ್ ಹೋಗೋರು. ಯಾರದು?"

ಹುಡುಗಿ ಕೈಯಲ್ಲಿದ್ದ ಟ್ರೇ ಕೆಳಗಿಟ್ಟಳು. "ನಾನೇ ತಾತಾ. ಎತ್ತು ಇರ್ಲಿಲ್ಲ. ನಿಮಗೆ ಹುಷಾರಿರ್ಲಿಲ್ಲ, ಸಂತೆ ಅಂದ್ಕೊಂಡಿದ್ರಿ. ನಾನು ಬ್ಯಾಂಡೇಜ್ ನೋಡೋಕೆ ಬಂದದ್ದು. ನೀವು ಬೆರಳು ಹಿಡಿದಾಗ ನಂಗೆ ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಯ್ತು."

ಅವರು ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು.

"ಜೋರಾಗ್ ಒತ್ತಿದ್ನಾ?"

"ಹೂಂ, ಸ್ವಲ್ಪ."

"ಬಿಗಿಯಾಗಿ ಹಿಡೀದಿದ್ರೆ ದರ ಬಿದ್ದೋಗ್ತಿತ್ತು" ಅಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. ಆಮೇಲೆ ಹೆಗಲ ಟವೆಲನ್ನು ಎಳೆದು, ಅವಳ ಮುಂದೆ ಎರಡೂ ಕೈಯಲ್ಲಿ ಹಿಡಿದು, ಒಂದು ಸಲ ಜೋರಾಗಿ ಕೊಡವಿ, ಮಡಚಿ ಮತ್ತೆ ಹೆಗಲಿಗೆ ಹಾಕಿಕೊಂಡರು. "ಮಗಾ, ಇಬ್ರಿಗೂ ಟೀ ತಕಂಬಾ" ಅಂತ ಮಗಳನ್ನು ಕೂಗಿದರು.

"ಅದೆಂತ ಮೇಡಂ?" ಅಂತ ಹುಡುಗಿ ಆಮೇಲೆ ನನ್ನನ್ನು ಕೇಳಿದಳು. ಹೇಳಿದೆ. ಅವಳು ತಲೆಯಾಡಿಸಿ, ಟ್ರೇ ಎತ್ತಿಕೊಂಡು ಮುಂದಿನ ಹಾಸಿಗೆಗೆ ಹೋದಳು. ಅಲ್ಲಿದ್ದವರು ಪೂರ್ತಿ ಎಚ್ಚರವಿದ್ದ ಮನುಷ್ಯ, ಕೈಯಲ್ಲಿ ಪೇಪರ್ ಹಿಡಿದು ಓದುತ್ತಿದ್ದರು. ಆದರೂ ಅವಳು, "ನಾನು ಸಿಸ್ಟರ್. ಈಗ ಹೊದಿಕೆ ತೆಗೀತೇನೆ" ಅಂತ ಹೇಳಿಯೇ ತೆಗೆದಳು.